ಶಿವಲಕ್ಷ್ಮಿಯ ಎಡಗಾಲು

ರಿವರ್ಸ್ ಗೇರು ಹಾಕಿದಾಗಲೆಲ್ಲ ಕಾರು ಗರಗರ ಎಂದು ಹಲ್ಲು ಕಡಿಯುತ್ತಿತ್ತು. ಸದ್ದು ಓಣಿಯ ಕೊನೆಯ ಮನೆಗೂ ಕೇಳುತ್ತಿತ್ತು. ಮೊದಮೊದಲು ಜನ ಕಾರಿಗೆ ಏನಾಗಿದೆ ಎಂದು ಕೇಳಿದರು. ಆಮೇಲೆ ಶಿವಲಕ್ಷ್ಮಿಗೆ ಇನ್ನೂ ಸರಿಯಾಗಿ ಬರುವುದಿಲ್ಲವೇ ಎಂದು ಕೇಳಿದರು. ಹೀಗೆ ಆದವಾನಿಯ ಆ ಓಣಿಯಲ್ಲಿ ಕಾರಿನ ಮಾತು ಮುಗಿದು ಅವಳ ಎಡಗಾಲಿನ ಮಾತಷ್ಟೇ ಉಳಿಯಿತು.

"ಕ್ಲಚ್ ಮ್ಯಾಲೆ ಕಾಲಿಟ್ಕೊಂಡೇ ಓಡಿಸ್ತಾಳ, ಕಾಲ್ಮಣಿ ಮ್ಯಾಲೆ ಇಟ್ಕೊಂಡಂಗ," ಎಂದ ಅವಳ ಗಂಡ ಸೋಮಶೇಖರಪ್ಪ, ತನ್ನ ಅವ್ವನಿಗೆ. ಹತ್ತಿ ವ್ಯಾಪಾರಿ. ಕೈಗೆ ಬಂದದ್ದನ್ನೆಲ್ಲ ಒಂದೇ ನೋಟಕ್ಕೆ ಬೆಲೆ ಕಟ್ಟಿ ಅಭ್ಯಾಸ. "ಪ್ಲೇಟ್ ಸುಟ್ಟೈತಿ. ಇವತ್ತ ಮೆಕ್ಯಾನಿಕ್ ಗಾದಿಲಿಂಗ ಬರ್ತಾನ. ಪ್ಲೇಟ್ ಹೋಗೇತಿ ಅಂತ ಅವ ಅಂದ್ರ, ಹೊಸಾದು ಹಾಕಸ್ತೀನಿ. ಆದ್ರ ಆಮ್ಯಾಲೆ ಕೀ ನನ್ನ ಹತ್ರ. ನಿಮಗ ಎಲ್ಲಿಗೆ ಹೋಗೋದಿದ್ರೂ ಡ್ರೈವರ್ನ ಕರೀತೀನಿ."

"ನನ್ನ ಕಾಲಿನ ತಪ್ಪಲ್ಲ ಅಂದ್ರ?"

"ಅಂದ್ರ ಕೀ ನಿನಗ. ಎಲ್ಲಿಗೆ ಅಂತ ನಾ ಕೇಳಂಗೂ ಇಲ್ಲ," ಎಂದು ನಕ್ಕ. ಸೋಲುವ ಭಯವಿಲ್ಲದವರು ಹೀಗೆ ಧಾರಾಳವಾಗಿ ಪಂದ್ಯ ಕಟ್ಟುತ್ತಾರೆ.

ಶಿವಲಕ್ಷ್ಮಿ ನಗಲಿಲ್ಲ. ಐವತ್ತು ಹತ್ತಿರ ಬಂದಾಗ ಡ್ರೈವಿಂಗ್ ಕಲಿತವಳು ಅವಳು. ಮನೆಯಲ್ಲಿ ಸುಮ್ಮನೆ ಕೂತರೆ, ಮೈಗೆ ಹುಷಾರಿಲ್ಲವೇ ಎಂದು ಕೇಳುತ್ತಿದ್ದರು. ಕಾರಿನಲ್ಲಿ ಸುಮ್ಮನೆ ಕೂತರೆ, ಗಮನವಿಟ್ಟು ಓಡಿಸುತ್ತಾಳೆ ಎನ್ನುತ್ತಿದ್ದರು. ಆಸ್ಪರಿಯ ದಾರಿಯಲ್ಲಿ ಎರಡೂ ಕಡೆ ಬಿಳಿ ಒಡೆದ ಹತ್ತಿ ಹೊಲ, ಶೇಂಗಾ ಕಿತ್ತು ಬಯಲಾದ ಕೆಂಪು ನೆಲ. ಅಲ್ಲಿ ಅವಳ ಮುಖ ತನಗೆ ಬೇಕಾದಂತೆ ಇರುತ್ತಿತ್ತು. ಯಾರೂ ನೋಡುತ್ತಿರಲಿಲ್ಲ. ಡ್ರೈವರ್ ಬಂದರೆ ಕನ್ನಡಿಯಲ್ಲಿ ನೋಡುತ್ತಾನೆ.

ಅತ್ತೆ ಹೂವಮ್ಮ ಹಿಂದಿನ ಸೀಟಿನಲ್ಲಿರುತ್ತಿದ್ದಳು, ನಿಜ. ಆಸ್ಪರಿಯ ತಂಗಿಯ ಮನೆಗೆ ಸೊಸೆಯ ಕಾರಿನಲ್ಲಿ ಹೋಗುವ ರುಚಿ ಅವಳಿಗೂ ಹತ್ತಿತ್ತು. ದಾರಿಯುದ್ದಕ್ಕೂ ತಾನೇ ಮಾತಾಡಿ ತಾನೇ ಉತ್ತರ ಕೊಟ್ಟುಕೊಳ್ಳುವವಳು. ಶಿವಲಕ್ಷ್ಮಿಯ ಏಕಾಂತಕ್ಕೆ ಅವಳಿಂದ ಏನೂ ಅಡ್ಡಿ ಇರಲಿಲ್ಲ. ಆದರೆ ಮಗನ ಮುಂದೆ ಆಕೆಯ ಬಾಯಿ ಬೇರೆ.

"ಸೋಮಾ ಅನ್ನೋದು ಖರೆ ಅದ ಬಿಡವ್ವ," ಎಂದಳು ಈಗ, ಆಸ್ಪರಿಗೆ ಒಯ್ಯಲು ಕಟ್ಟಿಟ್ಟ ಹೋಳಿಗೆಯ ಡಬ್ಬಿಯನ್ನು ಮಡಿಲಿನಿಂದ ಇಳಿಸದೆ.

ಗಾದಿಲಿಂಗ ಬಂದ. ಬಸ್ ಸ್ಟ್ಯಾಂಡ್ ಹಿಂದೆ ಶೆಡ್ ಇಟ್ಟುಕೊಂಡವನು. ಬಾನೆಟ್ ಎತ್ತಿದ, ಕ್ಲಚ್ ಕೇಬಲ್ ಬಿಗಿ ಮಾಡಿದ, ಹತ್ತಿ ಕೂತು ಗೇರು ಹಾಕಿದ. ಗರಗರ. ಇಳಿದು ಬಂದು, ಸತ್ತವರ ಸುದ್ದಿ ಹೇಳುವವನ ಹಾಗೆ ಕೈ ಒರೆಸಿಕೊಂಡ.

"ಅಯಿಪೋಯಿಂದಿ ಸಾವ್ಕಾರ್ರೆ. ಪ್ಲೇಟ್ ಖತಂ. ಕೇಬಲ್ ಎಷ್ಟು ಬಿಗಿ ಮಾಡಿದ್ರೂ ಅಷ್ಟೇ. ಹೆಣ್ಮಕ್ಕಳು ಓಡಿಸೋ ಗಾಡಿ ಎಲ್ಲಾ ಇದೇ ಕತಿ. ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ."

"ನಾ ಹೇಳಲಿಲ್ಲಾ?" ಎಂದ ಸೋಮಶೇಖರಪ್ಪ.

ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯತೊಡಗಿದರು. ಕೀ ಕಾರಿನಲ್ಲೇ ಇತ್ತು. ಇನ್ನು ಸ್ವಲ್ಪ ಹೊತ್ತಿಗೆ ಅದು ಗಂಡನ ಜೇಬು ಸೇರುತ್ತದೆ ಎಂದುಕೊಂಡು ಶಿವಲಕ್ಷ್ಮಿ ಸುಮ್ಮನೆ ಹೋಗಿ ಸ್ಟೇರಿಂಗ್ ಮುಂದೆ ಕೂತಳು. ಕಡೆಯ ಸಲ ಕೂತು ಎದ್ದರಾಯಿತು ಎನ್ನುವಷ್ಟೇ ಆಸೆ.

ಇಂಜಿನ್ ಆಫ್ ಇತ್ತು. ಗೇರು ಹಾಕಿದಳು. ಬೆಣ್ಣೆಯಂತೆ ಬಿತ್ತು. ಒಂದು, ಎರಡು, ರಿವರ್ಸ್, ಎಲ್ಲವೂ. ಇಂಜಿನ್ ಚಾಲೂ ಮಾಡಿ ಹಾಕಿದಳು. ಗರಗರ. ಹಾಗಾದರೆ ಗೇರು ಸರಿಯಿದೆ; ಕ್ಲಚ್ ಪೂರಾ ಬಿಡಿಸಿಕೊಳ್ಳುತ್ತಿಲ್ಲ.

ಮತ್ತೆ ಆಫ್ ಮಾಡಿ, ಚಪ್ಪಲಿ ಕಳಚಿ ಬರಿಗಾಲಲ್ಲಿ ಮೆಲ್ಲಗೆ ಒತ್ತಿದಳು. ಮದುವೆಗೆ ಮುಂಚೆ ತವರಿನಲ್ಲಿ ಹೊಲಿಗೆ ಯಂತ್ರ ತುಳಿದ ಕಾಲು ಅದು. ಪೆಡಲ್ ಇಳಿಯಿತು, ಇಳಿಯಿತು, ತಳ ಸಿಗುವ ಮೊದಲೇ ನಿಂತಿತು. ಕಬ್ಬಿಣ ತಗುಲಿ ನಿಂತಂತಲ್ಲ. ದಿಂಬಿನ ಮೇಲೆ ಕಾಲಿಟ್ಟಂತೆ, ಮೆತ್ತಗೆ.

ಹೊಲಿಗೆ ತಪ್ಪಿದಾಗ ಅವಳ ಅವ್ವ ಮೊದಲು ಎಣ್ಣೆ ಹಾಕುತ್ತಿರಲಿಲ್ಲ, ಯಂತ್ರವನ್ನು ಬೈಯುತ್ತಲೂ ಇರಲಿಲ್ಲ. ಸೂಜಿಯ ಕೆಳಗಿನ ತಗಡು ಬಿಚ್ಚಿ, ಅಲ್ಲಿ ಕಟ್ಟಿಕೊಂಡ ನೂಲಿನ ಜುಂಗು ತೆಗೆಯುತ್ತಿದ್ದಳು. ಶಿವಲಕ್ಷ್ಮಿ ಕೆಳಗಿಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಬಳಿ ಮೊಣಕಾಲೂರಿ ಪೆಡಲ್ ಹಿಂದೆ ಕೈ ಹಾಕಿದಳು. ರಬ್ಬರ್ ಮ್ಯಾಟ್ ಅಲ್ಲಿ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಅಂಚು ಹಿಡಿದು ಎತ್ತಿದಳು.

ಹತ್ತಿ.

ಒಂದು ಹಿಡಿ ಎಳೆದಳು. ಇನ್ನೊಂದು ಬಂತು. ಅದರ ಹಿಂದೆ ತುಳಿತುಳಿದು ರೊಟ್ಟಿಯಂತೆ ಗಟ್ಟಿಯಾದ ಇನ್ನೂ ಒಂದು.

"ಏನ್ ಮಾಡಾಕ್ಹತ್ತಿದಿ ಅಲ್ಲಿ?" ಎಂದು ಗಂಡ ಲೋಟ ಹಿಡಿದೇ ಬಂದ.

ಅವಳು ಒಂದು ಹಿಡಿ ಅವನ ಕೈಗಿಟ್ಟಳು. ಆಮೇಲೆ ಆದದ್ದನ್ನು ಸೋಮಶೇಖರಪ್ಪನಿಂದಲೂ ತಡೆಯಲಾಗುತ್ತಿರಲಿಲ್ಲ. ಹತ್ತಿ ಬೆರಳಿಗೆ ತಾಕಿದ್ದೇ ತಡ, ಲೋಟ ಬಾನೆಟ್ ಮೇಲಿಟ್ಟು, ಎರಡು ಹೆಬ್ಬೆರಳ ನಡುವೆ ಎಳೆದು, ಎಳೆಯ ಉದ್ದ ನೋಡಿ, ಬಿಸಿಲಿಗೆ ಹಿಡಿದ.

"ಆಸ್ಪರಿ ಕಡೇದು. ಎಳಿ ಚಲೋ ಐತಿ, ಸ್ವಲ್ಪ ಹಸಿ."

ಅವಳು ಇನ್ನೊಂದು ಕೊಟ್ಟಳು.

"ಇದು ದೇವನಕೊಂಡದ ಜಂಬಪ್ಪಂದು. ಹೋದ ಸಂತಿ ದಿನ ತಂದಿದ್ದ. ಕಸ ಭಾಳ ಅಂತ ನಾನೇ ಬ್ಯಾಡ ಅಂದಿದ್ದೆ..." ಎಂದವನು ಅಲ್ಲಿಗೆ ನಿಂತ.

ಗಾದಿಲಿಂಗ ಚಹಾ ನುಂಗುವುದನ್ನು ಮರೆತ.

ಸುಗ್ಗಿ ಶುರುವಾದಾಗಿನಿಂದ ಬೆಳಿಗ್ಗೆ ಕಾರು ಸೋಮಶೇಖರಪ್ಪನ ಕೈಯಲ್ಲಿರುತ್ತಿತ್ತು. ಮಾರ್ಕೆಟ್ ಯಾರ್ಡಿನಲ್ಲಿ ಬಾಗಿಲು ತೆರೆದು ಕೂತರೆ ರೈತರು ಹಿಡಿಹಿಡಿ ಹತ್ತಿ ತಂದು ತೋರಿಸುತ್ತಿದ್ದರು. ಅವನು ಎಳೆದು ನೋಡಿ ಕಾಲಬುಡಕ್ಕೆ ಬಿಡುತ್ತಿದ್ದ.

"ಕೆಳಗ ಚೆಲ್ಲಿದ್ರ ನಮ್ಮ ಹತ್ತಿ ಚೆಲ್ತಾನ ಅಂತ ರೈತರು ಬ್ಯಾಸರ ಮಾಡ್ಕೋತಾರ," ಎಂದ ಮೆಲ್ಲಗೆ. "ಮ್ಯಾಟ್ ಮ್ಯಾಲೆ ಬಿಟ್ರ ನೀ ಬೈತಿ, ಗಾಡಿ ಗಲೀಜ್ ಮಾಡ್ತೀರಿ ಅಂತ. ಅದಕ್ಕ ಕಾಲಿಲೆ ಒಳಗ ತಳ್ಳಿದ್ದೆ."

"ಯಾವ ಕಾಲಿಲೆ?" ಎಂದಳು ಶಿವಲಕ್ಷ್ಮಿ.

ಅವನು ಎಡಗಾಲನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡ.

"ನಾ ಬಾನೆಟ್ ಎತ್ತಿದ್ನೆಕ್ಕಾ, ಮ್ಯಾಟ್ ಎತ್ತಲಿಲ್ಲ," ಎಂದ ಗಾದಿಲಿಂಗ. ಬಿಗಿ ಮಾಡಿದ ಕೇಬಲನ್ನು ಯಾರೂ ಹೇಳದೆಯೇ ಹೋಗಿ ಮೊದಲಿನಂತೆ ಸಡಿಲ ಮಾಡಿದ.

ಶಿವಲಕ್ಷ್ಮಿ ಹತ್ತಿ ಕೂತಳು. ಪೆಡಲ್ ತಳದವರೆಗೂ ಹೋಯಿತು. ರಿವರ್ಸ್ ಹಾಕಿದಳು. ಸದ್ದೇ ಇಲ್ಲ. ಇಷ್ಟು ದಿನ ಕಿವಿಗೊಟ್ಟ ಓಣಿಗೆ ಅದು ಕೇಳಿಸುವಂತಿರಲಿಲ್ಲ. ಅದೊಂದು ಅವಳಿಗೆ ಬೇಸರವೆನಿಸಿತು.

ಅಷ್ಟರಲ್ಲಿ ಹೂವಮ್ಮ ಹೋಳಿಗೆ ಡಬ್ಬಿಯೊಂದಿಗೆ ಹಿಂದಿನ ಸೀಟು ಹಿಡಿದಾಗಿತ್ತು. "ನಾ ಅವತ್ತೇ ಅಂದಿದ್ದೆ, ನಮ್ಮ ಸೊಸಿ ಕಾಲು ಚಲೋ ಅದ ಅಂತ. ನಡಿಯವ್ವ, ಹೊತ್ತಾತು."

"ಯಾವತ್ತು ಅಂದಿದ್ದಿಬೇ?" ಎಂದ ಮಗ.

"ನಿನಗ ಕೇಳಿಸಿಲ್ಲ ಬಿಡು. ಗರಗರ ಸದ್ದಿನಾಗ."

ಸೋಮಶೇಖರಪ್ಪ ಕಾರಿನ ಪಕ್ಕ ನಿಂತು ಕೈ ಚಾಚಿದ. ಕೀ ಕೇಳುತ್ತಾನೆಂದು ಅವಳು ಸ್ಟೇರಿಂಗ್ ಬಿಗಿ ಹಿಡಿದಳು. ಅವನು ಎಡಗಡೆಯ ಬಾಗಿಲು ತೆರೆದು ಪಕ್ಕದ ಸೀಟಿನಲ್ಲಿ ಕೂತ.

"ಮಾರ್ಕೆಟ್ ಗೇಟ್‌ತನಕ ಬಿಡು. ಆಮ್ಯಾಲೆ ಆಸ್ಪರಿಗೆ ಹೋಗು, ಎಲ್ಲಿಗರ ಹೋಗು. ನಾ ಕೇಳಂಗಿಲ್ಲ ಅಂದೀನಲ್ಲ."

ಬೆಳಗಿನ ಹೊತ್ತು ಗಾಡಿ ತನ್ನದೆಂದು ಅವನು ಅನ್ನಲಿಲ್ಲ. ಅವಳು ಕಾರನ್ನು ಹಿಂದಕ್ಕೆ ತೆಗೆದು, ತಿರುಗಿಸಿ, ಓಣಿ ದಾಟಿಸಿದಳು. ಅವಳ ಮುಖ ತನಗೆ ಬೇಕಾದಂತೆ ಇತ್ತು. ಅವನು ನೋಡಿದ, ಆದರೆ ಹುಷಾರಿಲ್ಲವೇ ಎಂದು ಕೇಳಲಿಲ್ಲ.

ಜಂಬಪ್ಪನ ಹತ್ತಿ ಇನ್ನೂ ಅವನ ಮುಷ್ಟಿಯಲ್ಲಿತ್ತು. ಅದನ್ನೇ ಎಳೆದೆಳೆದು ನೋಡಿದ. ಮುಗಿದ ಮೇಲೆ ಕೈ ತಾನಾಗಿಯೇ ಕಾಲಬುಡದ ಕಡೆ ಇಳಿಯಿತು. ಅರ್ಧ ದಾರಿಯಲ್ಲಿ ನಿಂತಿತು. ಹೆಂಡತಿಯ ಕಡೆ ಒಮ್ಮೆ ನೋಡಿ, ಅದನ್ನು ಅಂಗಿಯ ಜೇಬಿಗೆ ಇಟ್ಟುಕೊಂಡ.