ಕಾಶಿಯ ಹೆಸರಿನಲ್ಲಿ ಬ್ಯಾಂಕಾಕ್

ಭಾನುವಾರದ ಬೆಳಿಗ್ಗೆ. ಶಿರಸಿಯ ಬಾಡಿಗೆ ಮನೆಯೊಂದರ ಅಡುಗೆ ಕೋಣೆಯಲ್ಲಿ ಉಲ್ಲಾಸ ತೆಳ್ಳೇವು ಎರೆಯುತ್ತಿದ್ದ. ಹವ್ಯಕರ ಮನೆಯ ಆ ತೆಳು ದೋಸೆಯನ್ನು ಅವನು ದಿನಕರನಿಂದ ಕಲಿತವನು. ಈಗ ಗುರುವಿಗಿಂತ ಶಿಷ್ಯನ ಕೈಯೇ ಚುರುಕು. ಗುರುವೋ ನೆಲದ ಮೇಲೆ ಅಟ್ಲಾಸ್ ಬಿಡಿಸಿಕೊಂಡು ಕೂತು, ಬಲಗೈಯಲ್ಲಿ ತಿನ್ನುತ್ತ ಎಡಗೈ ಬೆರಳಿನಿಂದ ಬಂಗಾಳ ಕೊಲ್ಲಿ ದಾಟುತ್ತಿದ್ದ.

"ನೋಡು, ಇದು ಬ್ಯಾಂಕಾಕ್. ಊರ ಮಧ್ಯದಲ್ಲೇ ಹೊಳೆ ಹರೀತದೆ."

"ಮಾಸ್ತ್ರೇ, ಇಷ್ಟು ವರ್ಷ ಮಕ್ಕಳಿಗೆ ಬೆರಳಲ್ಲೇ ದೇಶ ತೋರಿಸ್ತಾ ಬಂದ್ರಿ. ಒಂದ್ಸಲನಾದ್ರೂ ಕಾಲಲ್ಲಿ ನಡ್ದು ನೋಡೂದು ಬ್ಯಾಡ್ವಾ?" ಎಂದು ಉಲ್ಲಾಸ ಇನ್ನೊಂದು ತೆಳ್ಳೇವನ್ನು ಅವನ ಬಾಳೆಲೆಗೆ ಹಾಕಿದ.

ದಿನಕರ ಪಿಯು ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುವವನು. ಉಲ್ಲಾಸ ತ್ಯಾಗಲಿಯ ಕಡೆಯ ರೈತರ ಮನೆಯವನು. ಅಂಗಡಿಗಳ ಬೋರ್ಡು, ಲಾರಿಯ ಹಿಂಬದಿಯ ಹೂಬಳ್ಳಿ ಬರೆಯುವುದು ಅವನ ಕಸುಬು. ಜನರ ಎದುರಿಗೆ 'ಮಾಸ್ತ್ರೇ, ನೀವು' ಎಂದು ಕರೆದು ರೂಢಿಯಾಗಿ, ಮನೆಯೊಳಗೂ ಚೇಷ್ಟೆ ಮಾಡಬೇಕೆನಿಸಿದಾಗ ಹಾಗೇ ಕರೆಯುತ್ತಿದ್ದ. ಓಣಿಯವರ ಲೆಕ್ಕದಲ್ಲಿ ಉಲ್ಲಾಸ ಮಾಸ್ತರರ ಮನೆಯಲ್ಲಿ ಒಂದು ಕೋಣೆ ಹಿಡಿದಿರುವ ಪೇಂಟರ್. ನಿಜ ಹೇಳಬೇಕೆಂದರೆ ಅವರಿಬ್ಬರೂ ಪ್ರೀತಿಸಿ ಸಂಸಾರ ಹೂಡಿ ಹತ್ತು ವರ್ಷ ದಾಟಿತ್ತು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಗಂಜಿ ಕಾಸುತ್ತಿದ್ದ, ಒಬ್ಬನ ಸಿಟ್ಟು ಇನ್ನೊಬ್ಬನಿಗೆ ಬಾಯಿಪಾಠವಾಗಿತ್ತು. ಇದು ೨೦೦೭ರ ಮಾತು. ಆಗ ನಮ್ಮ ಕಾನೂನಿನ ಕಣ್ಣಿಗೂ ಇಂಥ ಸಂಸಾರ ಅಪರಾಧವೇ ಆಗಿತ್ತು.

ಹೀಗಾಗಿ ಅವರು ಒಟ್ಟಿಗೆ ಪ್ರವಾಸ ಹೊರಟದ್ದೇ ಅಪರೂಪ. ಹಿಂದೊಮ್ಮೆ ಮೈಸೂರಿಗೆ ಹೋದಾಗ ಲಾಡ್ಜಿನವನು ಸಂಬಂಧ ಕೇಳಿದ್ದಕ್ಕೆ ದಿನಕರ ಗಾಬರಿಯಲ್ಲಿ ಅಣ್ಣ-ತಮ್ಮ ಎಂದುಬಿಟ್ಟಿದ್ದ. ಇಬ್ಬರ ಊರು, ಅಡ್ಡಹೆಸರು, ಮಾತಿನ ಧಾಟಿ ಯಾವುದೂ ಹೊಂದದೆ, ಅವನು ಇವರನ್ನು ಕಳ್ಳರನ್ನು ನೋಡಿದ ಹಾಗೆ ನೋಡಿದ್ದ. ಮರುದಿನವೇ ವಾಪಸು ಬಂದಿದ್ದರು. ಬ್ಯಾಂಕಾಕಿನಲ್ಲಿ ಇಬ್ಬರು ಗಂಡಸರು ಒಂದು ಕೋಣೆ ಕೇಳಿದರೆ ಯಾರೂ ಹುಬ್ಬು ಏರಿಸುವುದಿಲ್ಲ ಎಂದು ದಿನಕರ ಎಲ್ಲೋ ಓದಿದ್ದ. ಪಿಂಗಾಣಿ ಚೂರು ಕೂರಿಸಿ ಗೋಪುರ ಕಟ್ಟಿದ ಗುಡಿ ಅಲ್ಲಿದೆಯೆಂದು ಉಲ್ಲಾಸ ಕ್ಯಾಲೆಂಡರ್ ಚಿತ್ರದಲ್ಲಿ ನೋಡಿದ್ದ. ಇಬ್ಬರಿಗೂ ಅಷ್ಟು ಸಾಕಾಯಿತು. ದಸರಾ ರಜೆಗೆ ಹೊರಡುವುದೆಂದು ನಿಶ್ಚಯಿಸಿ ಮುಂದಿನ ಶನಿವಾರ ಹುಬ್ಬಳ್ಳಿಗೆ ಹೋದರು.

ಅಲ್ಲಿಯ ಟ್ರಾವೆಲ್ ಏಜೆಂಟ್ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಕಣ್ಣು ಮಿಟುಕಿಸಿದ. "ಬ್ಯಾಂಕಾಕ್ ಏನ್ರಿ ಸರ? ಬರ್ರಿ, ಕೂಡ್ರಿ. ಗಂಡಸರು ಬ್ಯಾಂಕಾಕ್ ಅಂದ ಮ್ಯಾಲೆ ನಮಗ ಬಿಡಿಸಿ ಹೇಳೂದು ಬ್ಯಾಡ್ರಿ. ಅದಕ್ಕ ಬ್ಯಾರೆ ಪ್ಯಾಕೇಜ್ ಐತಿ."

ದಿನಕರನ ಕಿವಿ ಕೆಂಪಾಯಿತು. ಉಲ್ಲಾಸ ತಣ್ಣಗೆ ಹೇಳಿದ: "ನಮಗೆ ಗುಡಿ ನೋಡ್ಬೇಕು. ದೋಣೀಲಿ ತಿರುಗ್ಬೇಕು. ಒಂದು ರೂಮು."

"ಎರಡು ಕಾಟಿನ ರೂಮ್ ಏನ್ರಿ?"

ಉಲ್ಲಾಸ ಬಾಯಿ ತೆರೆಯುವ ಮೊದಲೇ ದಿನಕರ ಹೇಳಿದ: "ಬೇಡ. ಒಂದೇ ಕಾಟು."

ಜೀವಮಾನವಿಡೀ ಅಳೆದೂ ಸುರಿದೂ ಮಾತಾಡಿದ ಮನುಷ್ಯ ಅವನು. ಆ ಒಂದು ಮಾತಿಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಏಜೆಂಟನ ಪೆನ್ನು ಒಂದು ಗಳಿಗೆ ನಿಂತು, "ಆತ್ರಿ ಸರ" ಎಂದು ಮತ್ತೆ ಓಡಿತು. ಹೊರಗೆ ಬಂದ ಮೇಲೆ ಉಲ್ಲಾಸ ಅವನಿಗೆ ಕಬ್ಬಿನ ಹಾಲು ಕುಡಿಸಿದ. "ಮಾಸ್ತ್ರೇ, ಇವತ್ತು ನೀವು ಹುಲಿ" ಎಂದ.

ಹುಲಿ ಶಿರಸಿಗೆ ಬಂದು ಮುಟ್ಟುವಷ್ಟರಲ್ಲಿ ಮತ್ತೆ ಬೆಕ್ಕಾಗಿತ್ತು. ಹೇರೂರಿಗೆ ಮದುವೆಯಾಗಿ ಹೋದ ಅಕ್ಕ ದೇವಕಿ ಆ ಸಂಜೆ ಫೋನ್ ಮಾಡಿ, ರಜೆಗೆ ಯಾವತ್ತು ಬರುತ್ತೀಯೆಂದು ಕೇಳಿದಳು. ತಂದೆ ಬೇಗ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ, ಬೈದು ಓದಿಸಿದವಳು ಅವಳು. ಪ್ರತಿ ದಸರಾ ಅವಳ ಮನೆಯಲ್ಲೇ. ಈ ಸಲ ಬರಲಾಗದು ಎಂದರೆ ಎಲ್ಲಿಗೆ, ಯಾರ ಜೊತೆ, ಏಕೆ ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಪ್ರಶ್ನೆಯೇ ಹುಟ್ಟದ ಊರು ಯಾವುದೆಂದು ದಿನಕರ ಹುಡುಕಿದ. "ಈ ಸಲ ಕಾಶಿಗೆ ಹೋಗ್ತಾ ಇದ್ದೆ ಅಕ್ಕಾ" ಎಂದುಬಿಟ್ಟ.

ಭೂಗೋಳ ಬಲ್ಲವನು ಮಾಡಿದ ತಪ್ಪು ಇದು. ನಮ್ಮ ಕಡೆ ಯಾರೂ ಕಾಶಿಗೆ ಒಬ್ಬರೇ ಹೋಗುವುದಿಲ್ಲ. ಹೋಗುವವನ ಚೀಲದಲ್ಲಿ ಇಡೀ ಊರಿನ ಬಯಕೆ ಕೂತು ಬರುತ್ತದೆ. ಒಬ್ಬರಿಗೆ ಕಾಶಿ ದಾರ, ಇನ್ನೊಬ್ಬರಿಗೆ ಅನ್ನಪೂರ್ಣೆಯ ಪ್ರಸಾದ, ಮತ್ತೊಬ್ಬರ ಅತ್ತೆಯ ಹೆಸರಲ್ಲಿ ಗಂಗೆಯಲ್ಲಿ ಒಂದು ಮುಳುಗು. ದೇವಕಿಯ ಗಂಡ ಕಮಲಾಕರ ಭಾವನಂತೂ ಊರಿಗೆಲ್ಲ ಸುದ್ದಿ ಹಂಚಿ, ವಾಪಸು ಬಂದ ಮೇಲೆ ಮಾಡಬೇಕಾದ ಸಮಾರಾಧನೆಗೆ ಅಡುಗೆಯವರನ್ನೂ ಗೊತ್ತುಮಾಡತೊಡಗಿದ.

ಇವೆಲ್ಲ ಹೇಗೋ ಸಾಗುತ್ತಿದ್ದವು. ಆದರೆ ದೇವಕಿ ಕೇಳಿದ್ದು ಒಂದು ಗಿಂಡಿ. ಗಂಗಾಜಲ ತುಂಬಿ ಬಾಯಿ ಬೆಸೆದ ಪುಟ್ಟ ತಾಮ್ರದ ಗಿಂಡಿ ದೇವರ ಕೋಣೆಯಲ್ಲಿರುತ್ತದೆ. ಮನೆಯಲ್ಲಿ ಯಾರಾದರೂ ಕೊನೆಯುಸಿರೆಳೆಯುವಾಗ ಅದನ್ನು ಒಡೆದು ಬಾಯಿಗೆ ನೀರು ಬಿಡುತ್ತಾರೆ. ಇವರ ತಾಯಿ ಹೋದದ್ದು ದೇವಕಿಯ ಮನೆಯಲ್ಲೇ. ಅವಸರದಲ್ಲಿ ಗಿಂಡಿ ಒಡೆದರೆ ಒಳಗೆ ತೊಟ್ಟೂ ನೀರಿರಲಿಲ್ಲ. ಬೆಸುಗೆ ಎಂದೋ ಬಿಟ್ಟು ಒಣಗಿಹೋಗಿತ್ತು. ಬಾವಿಯ ನೀರನ್ನೇ ಬಿಟ್ಟರು. ಆ ಸಂಕಟ ದೇವಕಿಗೆ ಹೋಗಿರಲಿಲ್ಲ. "ತಮಾ, ಯಂಗೆ ಬೇರೆ ಎಂತದೂ ಬ್ಯಾಡ. ನೀನೇ ಕೈಯಾರೆ ಒಂದು ಗಿಂಡಿ ತಂದುಕೊಡು. ಆಯಿಗೆ ಸಿಗದಿದ್ದು ಯಂಗಾದ್ರೂ ಸಿಗ್ಲಿ" ಎಂದಿದ್ದಳು.

ದಿನಕರ ಇದನ್ನೂ ಪರಿಹರಿಸಿದ, ಅಥವಾ ಪರಿಹರಿಸಿದೆ ಅಂದುಕೊಂಡ. ಊಟದ ಹೊತ್ತಿನಲ್ಲಿ ಉಲ್ಲಾಸನಿಗೆ ಹೇಳಿದ: "ಗೋಕರ್ಣದ ಅಂಗಡೀಲಿ ಅಂಥ ಗಿಂಡಿ ಸಿಗ್ತದೆ. ಬಂದ ಮೇಲೆ ಒಂದು ತಗೊಂಡು ಕೊಟ್ರಾಯ್ತು. ಒಳಗೆ ಯಾವ ನೀರೋ, ಯಾರಿಗೆ ಗೊತ್ತು?"

ಉಲ್ಲಾಸ ಕಲಸಿದ ಅನ್ನವನ್ನು ಹಾಗೇ ಬಿಟ್ಟ.

"ನಿಂಗೆ ಗೊತ್ತಲ್ಲ," ಎಂದ. "ನನಗೂ ಗೊತ್ತು. ನಾವು ಬದುಕಿದವರಿಗೆಲ್ಲ ಸುಳ್ಳು ಹೇಳ್ತಾ ಬಂದ್ವಿ, ಆಗ್ಲಿ, ಬೇರೆ ದಾರಿ ಇರ್ಲಿಲ್ಲ. ಸಾಯೋರ ಬಾಯಿಗೂ ಸುಳ್ಳು ಬಿಡೂದಾ?"

"ಹಾಗಾದ್ರೆ ಏನು ಮಾಡು ಅಂತಿ?"

"ನಿಜ ಹೇಳು. ಇಲ್ಲಾಂದ್ರೆ ಬ್ಯಾಂಕಾಕ್ ಬ್ಯಾಡ. ಆ ಗುಡಿ ಎಲ್ಲಿಗೂ ಓಡಿ ಹೋಗೂದಿಲ್ಲ."

"ಹೇಳಿದ್ರೆ ಆ ಮನೆ ಬಾಗಿಲು ನನಗೆ ಮುಚ್ಚಿ ಹೋಗ್ತದೆ ಉಲ್ಲಾಸ. ಅಕ್ಕನ ಬಿಟ್ಟರೆ ನನಗೆ ಯಾರಿದ್ದಾರೆ ಆ ಕಡೆ?"

ಉಲ್ಲಾಸನಿಗೆ ಅದು ಗೊತ್ತಿಲ್ಲದ್ದೇನಲ್ಲ. ಹೇರೂರಿಗೆ ಹೋದಾಗಲೆಲ್ಲ ಬೇರೆ ಜಾತಿಯವನೆಂದು ಅವನನ್ನು ಜಗಲಿಯಲ್ಲಿ ಕೂರಿಸಿ, ಬೇರೆ ಲೋಟದಲ್ಲಿ ಚಹಾ ಕೊಡುತ್ತಿದ್ದರು. ಅದೇ ದೇವಕಿಯ ಪರವಾಗಿ ಅವನು ಇಂದು ತನ್ನ ಬಹುದಿನದ ಆಸೆಯನ್ನೇ ಪಣಕ್ಕಿಟ್ಟಿದ್ದ. ಇಂಥವರನ್ನು ಕಂಡರೆ ನನಗೆ ಕೈ ಮುಗಿಯಬೇಕೆನಿಸುತ್ತದೆ. ದಿನಕರನಿಗೂ ಹಾಗೇ ಅನಿಸಿರಬೇಕು. ಮರುದಿನ ರಜೆ ಹಾಕಿ ಹೇರೂರಿಗೆಂದು ಸಿದ್ದಾಪುರದ ಬಸ್ಸು ಹತ್ತಿದ.

ದೇವಕಿ ಹಿತ್ತಲ ಒಲೆಯ ಮುಂದೆ ಸಿಹಿ ತೊಡೆದೇವು ಮಾಡುತ್ತಿದ್ದಳು. ಬೋರಲು ಹಾಕಿದ ಮಡಕೆ ಕಾದಿತ್ತು. ಅದರ ಬೆನ್ನ ಮೇಲೆ ಕಬ್ಬಿನ ಹಾಲಿನ ಹಿಟ್ಟನ್ನು ಬಟ್ಟೆಯಿಂದ ತೆಳ್ಳಗೆ ಬಳಿದು, ಮಡಚಿ ತೆಗೆಯುವ ಕೆಲಸ. ತಮ್ಮನನ್ನು ಕಂಡು ಮುಖ ಅರಳಿತು. "ನಿಂಗೇ ಮಾಡ್ತಾ ಇದ್ದೆ. ಕಾಶಿಯವರೆಗೂ ಹಾಳಾಗ್ತಿಲ್ಲೆ."

"ಅಕ್ಕಾ, ಆನು ಕಾಶಿಗೆ ಹೋಗ್ತ್ನಿಲ್ಲೆ."

"ಎಂತಕೋ? ಟಿಕೆಟ್ ಸಿಕ್ಕಿದ್ದಿಲ್ಯ?"

"ಹೋಪದು ಬ್ಯಾಂಕಾಕಿಗೆ. ಆನು, ಉಲ್ಲಾಸ. ನಿನ್ನ ಹತ್ರ ಸುಳ್ಳು ಹೇಳಿದ್ದೆ."

"ಅಂವ ಎಂತಕೆ?"

ದಿನಕರ ಅಕ್ಕನ ಕಾಲ ಬಳಿ ಕುಕ್ಕರಿಸಿದ. "ಅಂವ ಇಲ್ದೆ ಆನು ಎಲ್ಲಿಗೆ ಹೋಗಿ ಎಂತ ಮಾಡವು? ನೀನೂ ಭಾವನೂ ಇದ್ದಾಂಗೆ, ಆನೂ ಅಂವನೂ ಇದ್ದ್ಯ ಅಕ್ಕಾ. ಹತ್ತು ವರ್ಷದಿಂದ."

ಮಡಕೆಯ ಮೇಲಿನ ತೊಡೆದೇವು ಕಪ್ಪಾಗಿ ಹೊಗೆ ಎದ್ದಿತು. ದೇವಕಿ ತೆಗೆಯಲಿಲ್ಲ.

"ಇಬ್ರು ಗಂಡಸ್ರು ಹಾಂಗೆಲ್ಲ ಇರ್ತ್ವಾ?" ಎಂದಳು. "ಎಷ್ಟು ಮನೆ ಹುಡುಗೀರ್ನ ನೋಡಿದ್ದೆ ಆನು ನಿಂಗೆ! ಒಂದೊಂದಕ್ಕೂ ಒಂದೊಂದು ನೆಪ ಹೇಳ್ದೆ. ಊರಲ್ಲಿ ಎನ್ನ ಮುಖ ಎಂತಾತು ಗೊತ್ತಿದ್ದಾ?"

"ಗೊತ್ತಿದ್ದು. ಆದ್ರೆ ಅದ್ರಲ್ಲಿ ಒಂದು ಹುಡುಗೀನ ಮದುವೆ ಆಗಿದ್ರೆ, ಅದರ ಗತಿ ಎಂತಾಗ್ತಿತ್ತು ಅಕ್ಕಾ? ನಿನ್ನಾಂಗೆ ಅದೂ ಒಂದು ಮನೆ ಮಗಳು."

ದೇವಕಿ ಒಲೆಯ ಕಟ್ಟಿಗೆಯನ್ನು ಹಿಂದಕ್ಕೆಳೆದಳು. ಸಿಟ್ಟು ಬೇರೆ ಕಡೆಯಿಂದ ಬಂತು. "ಆಗ್ಲಿ, ಅದೆಲ್ಲ ಯಂಗೆ ಅರ್ಥ ಆಗದ್ದು. ಆದ್ರೆ ಗಂಗೆ ಹೆಸರಲ್ಲಿ ಸುಳ್ಳು ಹೇಳ್ಲೆ ನಿಂಗೆ ಮನಸ್ಸು ಹ್ಯಾಂಗೆ ಬಂತು? ಆಯಿ ಹೋಪಾಗ ನೀನೂ ಇಲ್ಲೇ ಇದ್ದಿದ್ಯಲೋ!"

"ಇನ್ನೂ ದೊಡ್ಡ ತಪ್ಪು ಮಾಡ್ತಿದ್ದೆ. ಗೋಕರ್ಣದಲ್ಲಿ ಗಿಂಡಿ ತಗಂಡು ಕಾಶೀದು ಹೇಳಿ ಕೊಡವು ಹೇಳಿ ಮಾಡಿದ್ದೆ. ಉಲ್ಲಾಸ ಬಿಟ್ಟಿದ್ನಿಲ್ಲೆ. ಸಾಯವ್ರ ಬಾಯಿಗೆ ಸುಳ್ಳು ಬಿಡಲಾಗ ಹೇಳಿ ಅಂವ ಊಟ ಬಿಟ್ಟು ಎದ್ದ. ನಿಜ ಹೇಳದಿದ್ರೆ ಬ್ಯಾಂಕಾಕೂ ಬ್ಯಾಡ ಹೇಳ್ದ."

ದೇವಕಿ ತಿರುಗಿ ನೋಡಿದಳು. "ಅಂವ ಹಾಂಗೆ ಹೇಳಿದ್ನಾ?"

"ಹೂಂ."

ಅವಳು ಸುಟ್ಟದ್ದನ್ನು ಕೆರೆದು ಒಲೆಗೆ ಹಾಕಿದಳು. ಮಡಕೆ ಒರೆಸಿದಳು. "ಬಸ್ಸಿನ ಹೊತ್ತಾತು. ಹೋಗು" ಎಂದಳು. ಉಂಡು ಹೋಗು ಎನ್ನದೆ ಅಕ್ಕ ತನ್ನನ್ನು ಕಳಿಸಿದ್ದು ಅದೇ ಮೊದಲು ಎಂದು ದಿನಕರನಿಗೆ ದಾರಿಯುದ್ದಕ್ಕೂ ಚುಚ್ಚಿತು.

ಆ ವಾರ ಹೇರೂರಿನಿಂದ ಫೋನಿಲ್ಲ. ದಿನಕರ ತರಗತಿಯಲ್ಲಿ ಗಂಗಾ ಬಯಲಿನ ಪಾಠವನ್ನು ಬಿಟ್ಟು ಮುಂದಕ್ಕೆ ಹೋದ. ಟಿಕೆಟ್ ರದ್ದು ಮಾಡೋಣವೇ ಎಂದು ಕೇಳಿದರೆ ಉಲ್ಲಾಸ, "ಹೇಳಿ ಬಂದ್ಯಲ್ಲ. ಇನ್ನು ಹೆದರಿಕೊಂಡು ಕೂತ್ರೆ ಹೇಳಿದ್ದಕ್ಕೇ ಬೆಲೆ ಇಲ್ಲ" ಎಂದ. ಹಾಗೆಂದವನೂ ಫೋನ್ ಗಂಟೆ ಹೊಡೆದಾಗಲೆಲ್ಲ ಬ್ರಷ್ ಕೆಳಗಿಡುತ್ತಿದ್ದ.

ಕೊನೆಗೆ ಫೋನ್ ಮಾಡಿದವನು ಕಮಲಾಕರ ಭಾವ. ದನಿಯಲ್ಲಿ ಸಿಟ್ಟೋ ನಗುವೋ ತಿಳಿಯುವಂತಿರಲಿಲ್ಲ.

"ಏ ದಿನಕರಾ, ನಿನ್ನ ಅಕ್ಕ ನಿನ್ನೆ ಮನೆ ಮನೆಗೆ ಹೋಗಿ ಬಂತು ಮಾರಾಯಾ. ಎಂತ ಹೇಳ್ತು ಗೊತ್ತಿದ್ದಾ? 'ಅಂವ ಕಾಶಿಗೆ ಹೋಗ್ತ್ನಿಲ್ಲೆ, ಉಲ್ಲಾಸನ ಒಟ್ಟಿಗೆ ಬ್ಯಾಂಕಾಕ್ ತಿರುಗಲೆ ಹೋಗ್ತ. ಕಾಶಿದು ಸುಳ್ಳು. ಯಾರೂ ದಾರಕ್ಕೆ ಕಾಯಡಿ' ಹೇಳಿ. ಮೇಲಿನ ಮನೆಯವ್ವು 'ಉಲ್ಲಾಸ ಅಂದ್ರೆ ಯಾರು?' ಹೇಳಿ ಕೇಳಿದ್ದಕ್ಕೆ, 'ಎಮ್ಮ ಮನೆಯಂವ' ಅಂತು. ಆನು ಅಡುಗೆಯವ್ಕೆ ಬ್ಯಾಡ ಹೇಳಿ ಬಂದೆ."

ಜೀವನವಿಡೀ ಊರು ಏನೆಂದೀತು ಎಂಬ ಭಯದಲ್ಲೇ ಸೆರಗು ಸರಿಮಾಡಿಕೊಂಡು ಬದುಕಿದ ಹೆಂಗಸು ದೇವಕಿ. ಬಿಸಿಲಲ್ಲಿ ಒಬ್ಬಳೇ ಮನೆ ಮನೆ ಹತ್ತಿಳಿದು, ತಮ್ಮನ ಸುಳ್ಳನ್ನು ಅವಳೇ ವಾಪಸು ತೆಗೆದುಕೊಂಡಿದ್ದಳು. ದಿನಕರ ಫೋನನ್ನು ಉಲ್ಲಾಸನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ಅತ್ತ.

ಹೊರಡುವ ದಿನ ಮಧ್ಯಾಹ್ನ ದೇವಕಿ, ಕಮಲಾಕರ ಇಬ್ಬರೂ ಶಿರಸಿಗೆ ಬಂದರು. ಈ ಮನೆಯ ಹೊಸಿಲನ್ನು ದೇವಕಿ ಅದುವರೆಗೆ ತುಳಿದಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಸುತ್ತಲೂ ನೋಡಿದಳು. ಒಂದೇ ಮಂಚದ ಕೋಣೆಯತ್ತ ಕಣ್ಣು ಹೋದಾಗ ಒಂದು ಗಳಿಗೆ ತಡೆದು, ಗೋಡೆಯ ಮೇಲೆ ಉಲ್ಲಾಸ ಬರೆದ ಹೂಬಳ್ಳಿಯ ಕಡೆ ತಿರುಗಿದಳು.

ಉಲ್ಲಾಸ ಚಹಾ ಮಾಡಬಹುದೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದ.

"ಯಂಗೆ ಅರ್ಧ ಲೋಟ ಸಾಕು. ಸಕ್ಕರೆ ಕಮ್ಮಿ" ಎಂದಳು ದೇವಕಿ. ಅವನು ತಂದುಕೊಟ್ಟ ಚಹಾ ಕುಡಿದು, "ಅಲ್ಲಿ ನಿಂಗ ಎಂತ ಉಣ್ತ್ರಿ? ಎಲ್ಲದಕ್ಕೂ ಮೀನು ಹಾಕ್ತ್ವಡ" ಎಂದು ಕೇಳಿದಳು.

"ನಾನು ತಿನ್ತೇನೆ ಅಮ್ಮಾ. ಇವರಿಗೆ ಅಲ್ಲಿ ಹಣ್ಣು, ಅನ್ನ ಸಿಗ್ತದೆ. ಅವಲಕ್ಕಿಯೂ ಕಟ್ಟಿಕೊಂಡಿದ್ದೇನೆ. ಉಪವಾಸ ಇರಲಿಕ್ಕೆ ಬಿಡೂದಿಲ್ಲ," ಎಂದ ಉಲ್ಲಾಸ.

"ಅಂವಂಗೆ ಹೊಟ್ಟೆ ಸೂಕ್ಷ್ಮ. ನೋಡ್ಕ್ಯಂಬ್ಲೆ ನೀನಿದ್ದೆ ಅಲ್ದ" ಎಂದಳು ದೇವಕಿ.

ಬೆಂಗಳೂರಿನ ಬಸ್ಸಿಗೆ ಹೊತ್ತಾಯಿತು. ಉಲ್ಲಾಸ ಎರಡೂ ಚೀಲ ಎತ್ತಿಕೊಂಡು ಬಾಗಿಲ ಬಳಿ ನಿಂತ. ಅಕ್ಕನ ಮನೆಯಲ್ಲಿ ಬೀಳ್ಕೊಡುವಾಗ ಹೀಗೆ ದೂರ ನಿಲ್ಲುವುದು ಅವನಿಗೆ ಅಭ್ಯಾಸವಾಗಿತ್ತು; ತನ್ನ ಮನೆಯಲ್ಲೂ ಹಾಗೇ ನಿಂತ. ದಿನಕರ ಮುಂದೆ ಬಂದು ಅಕ್ಕನ ಕಾಲಿಗೆ ಬಗ್ಗಿದ.

ದೇವಕಿ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

ದಿನಕರ ಬಗ್ಗಿದವನು ಹಾಗೇ ಉಳಿದ. ಕೊನೆಗೂ ಕೋಪ ಹೋಗಿಲ್ಲವೆಂದುಕೊಂಡ.

"ನೀನೊಬ್ಬನೇ ಎಂತಕೆ ಬಗ್ತೆ?" ಎಂದಳು ದೇವಕಿ. ಬಾಗಿಲ ಕಡೆ ತಿರುಗಿದಳು. "ಉಲ್ಲಾಸಾ, ಚೀಲ ಇಡು. ಇಲ್ಲಿ ಬಾ. ಅಂವನ ಪಕ್ಕಕ್ಕೆ ನಿಂತ್ಗ. ನಮಸ್ಕಾರ ಇಬ್ರೂ ಒಟ್ಟಿಗೇ ಮಾಡವು."

ಹಿರಿಯರಿಗೆ ಯಾರು ಯಾರು ಜೋಡಿಯಾಗಿ ಬಗ್ಗುತ್ತಾರೆಂದು ಆ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಉಲ್ಲಾಸ ಚೀಲ ಇಟ್ಟು ಬಂದು ದಿನಕರನ ಪಕ್ಕ ನಿಂತ. ಕಿಟಕಿಯ ಹತ್ತಿರ ಎಲೆ ಅಡಿಕೆ ಜಗಿಯುತ್ತ, ತನಗೂ ಇದಕ್ಕೂ ಸಂಬಂಧವಿಲ್ಲದವನಂತೆ ಹೊರಗೆ ನೋಡುತ್ತಿದ್ದ ಕಮಲಾಕರ ಭಾವ, ಬಾಯಿ ಒರೆಸಿಕೊಂಡು, ಶಾಲು ಸರಿಮಾಡಿಕೊಂಡು ಬಂದು ಹೆಂಡತಿಯ ಬಲಕ್ಕೆ ನಿಂತುಕೊಂಡ.