ಒತ್ತದ ಗುಂಡಿ

ಕಿವಿ ಪರೀಕ್ಷೆಯ ಗಾಜಿನ ಕೋಣೆಯಲ್ಲಿ ಚಿಕ್ಕಪ್ಪ ಹೆಡ್‌ಫೋನ್ ಹಾಕಿಕೊಂಡು, ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕುಳಿತಿದ್ದ. ಸದ್ದು ಕೇಳಿಸಿದರೆ ಮಾತ್ರ ಒತ್ತಬೇಕು. ಹೊರಗೆ ಯಂತ್ರ ನಡೆಸುತ್ತಿದ್ದವಳು ಅವನ ಅಣ್ಣನ ಮಗಳು. ಅವಳ ಬೆನ್ನಿಗೇ ಚಿಕ್ಕಮ್ಮ.

"ನೋಡು, ಒತ್ತೋದೇ ಇಲ್ಲ. ದೇವರ ವಿಷಯದಲ್ಲೂ ಹೀಗೇ. ದೇವರು ಕರೀತಾನೆ, ಕಿವಿಗೊಡಿ ಅಂತ ನಲವತ್ತು ವರ್ಷ ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಯ್ತು. ನಂಗೇನೂ ಕೇಳಿಸ್ಲಿಲ್ಲ ಅಂತಾರೆ. ಬರೀ ಹಟ," ಎಂದಳು ಚಿಕ್ಕಮ್ಮ.

"ನಾನಿನ್ನೂ ಸದ್ದೇ ಕಳಿಸಿಲ್ಲ, ಚಿಕ್ಕಮ್ಮ. ಸುಮ್ಮಸುಮ್ಮನೆ ಒತ್ತುತ್ತಾರಾ ಅಂತ ನೋಡೋಕೆ ಸ್ವಲ್ಪ ಹೊತ್ತು ಖಾಲಿ ಬಿಡ್ತೀವಿ. ನಿಮ್ಮ ಸರದೀಲಿ ಹೀಗೆ ಖಾಲಿ ಬಿಟ್ಟಾಗ ನೀವು ಆರು ಸಲ ಒತ್ತಿದ್ರಿ."

ಚಿಕ್ಕಮ್ಮನ ಮುಖ ಸಪ್ಪಗಾಯಿತು. ಗಾಜಿನಾಚೆ ಚಿಕ್ಕಪ್ಪ ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕುಳಿತೇ ಇದ್ದ. ಚಿಕ್ಕಮ್ಮ ಅವನನ್ನೇ ಬಹಳ ಹೊತ್ತು ನೋಡಿದಳು.

"ಹಾಗಾದ್ರೆ ಬೇಗ ಕಳಿಸೇ," ಎಂದಳು ಮೆಲ್ಲಗೆ. "ಪಾಪ, ಎಷ್ಟು ಹೊತ್ತಿಂದ ಕಾಯ್ತಿದ್ದಾರೆ."