ದೊಡ್ಡಪ್ಪನ ಹೆಸರಿನಲ್ಲಿ ಅಪ್ಪ

ನಾನು ಹೊಟ್ಟೆಯಲ್ಲಿದ್ದಾಗ ನಮ್ಮಪ್ಪ ಮುನಿಗಂಗಪ್ಪ ಮಲಯಾ ದೇಶದ ರಬ್ಬರ್ ತೋಟಕ್ಕೆ ಹೋದರು. ಯುದ್ಧ ಬಂದಾಗ ಅಲ್ಲೇ ಮಿಲಿಟರಿಗೆ ಸೇರಿದೆನೆಂದು ಒಂದು ಕಾಗದ ಬರೆದರು. ಆಮೇಲೆ ಸುದ್ದಿಯಿಲ್ಲ. ಬದುಕಿದ್ದಾರೋ ಇಲ್ಲವೋ ತಿಳಿಯದೆ ಅಮ್ಮ ಇಪ್ಪತ್ತೈದು ವರ್ಷ ಕುಂಕುಮ ಇಟ್ಟುಕೊಂಡೇ ಕಾದಳು. ಬ್ಯಾಟರಾಯನಪುರದ ಹೆಂಗಸರು ಎದುರಿಗೆ ಅರಿಶಿನ ಕೊಟ್ಟು, ಬೆನ್ನ ಹಿಂದೆ ನಗುತ್ತಿದ್ದರು. ಅವರ ಬಾಯಿಗೆ ಮಣ್ಣು ಹಾಕ.

ಸ್ಕೂಲಿನಲ್ಲಿ ಕೆಲಸ ಸಿಕ್ಕ ಮೇಲೆ ನಾನು ಮಿಲಿಟರಿ ಕಚೇರಿಗಳಿಗೆ ಬರೆಯತೊಡಗಿದೆ. ಆರು ಕಾಗದಕ್ಕೂ ಒಂದೇ ಉತ್ತರ: ಮುನಿಗಂಗಪ್ಪ ಎಂಬ ಸಿಪಾಯಿ ನಮ್ಮಲ್ಲಿ ಇರಲಿಲ್ಲ. ಪ್ರತಿ ಸಲವೂ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ ಬ್ಯಾಟರಾಯಪ್ಪ, ಜಗಲಿ ಮೇಲೆ ಕೂತು ಕೇಳಿಸಿಕೊಂಡರು. ತುಟಿ ಬಿಚ್ಚಲಿಲ್ಲ.

ಅರವತ್ತೇಳನೇ ಇಸವಿಯಲ್ಲಿ ಜಾಲಹಳ್ಳಿಯ ಕಾರ್ಖಾನೆಯಿಂದ ರಿಟೈರಾಗಿ, ಹಾರ ಹಾಕಿಸಿಕೊಂಡು ಬಂದ ದಿನ ಬಾಯಿಬಿಟ್ಟರು.

"ನನ್ನ ಹೆಸ್ರಲ್ಲಿ ಬರಿ ಕಣವ್ವ. ತೋಟದಲ್ಲಿ ಗುಮಾಸ್ತೆ ಕೆಲ್ಸ ಸಿಗ್ಲಿ ಅಂತ ನನ್ನ ಎಂಟ್ನೇ ಕ್ಲಾಸಿನ ಸರ್ಟಿಫಿಕೇಟು ಅವ್ನಿಗೆ ಕೊಟ್ಟಿದ್ದೆ. ಅಲ್ಲಿ ಅವ್ನೇ ಬ್ಯಾಟರಾಯಪ್ಪ. ಕಳೆದೋಯ್ತು ಅಂತೇಳಿ ಇನ್ನೊಂದು ಮಾಡಿಸ್ಕಂಡು ನಾನು ಕಾರ್ಖಾನೆಗೆ ಸೇರ್ದೆ. ನಿಜ ಏಳಿದ್ರೆ ಕೆಲ್ಸ ಓಗ್ತದೆ ಅಂತ ಎದ್ರಿಬಿಟ್ಟೆ."

ಬಾಗಿಲ ಹಿಂದೆ ನಿಂತು ಅಮ್ಮನೂ ಕೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ ಕೆಲ್ಸ ಉಳೀತು ದೊಡ್ಡಪ್ಪ, ಅಮ್ಮನ ಆಯಸ್ಸು ಹೋಯ್ತು" ಎಂದೆ. ಅವತ್ತೇ ಕಾಗದ ಬರೆದೆ.

ಮೂರು ತಿಂಗಳಿಗೆ ಉತ್ತರ ಬಂತು. ಅಮ್ಮ ಮೊರದ ಮುಂದೆ ಅವರೆಕಾಯಿ ಸುಲಿಯುತ್ತಿದ್ದಳು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಹೇಳಿದೆ. ಸಿಪಾಯಿ ಬ್ಯಾಟರಾಯಪ್ಪ ಜಪಾನಿನವರ ಸೆರೆಯಿಂದ ಬಿಡುಗಡೆಯಾಗಿ ನಲವತ್ತಾರರಲ್ಲಿ ಮದರಾಸಿಗೆ ಬಂದರು. ಮಾತು ನಿಂತುಹೋಗಿತ್ತು. ಎಂಟು ತಿಂಗಳು ಆಸ್ಪತ್ರೆಯಲ್ಲಿದ್ದು ತೀರಿಕೊಂಡರು.

ಅಮ್ಮ ಸೆರಗಿನಿಂದ ಹಣೆ ಒರೆಸಿಕೊಂಡಳು. ಕುಂಕುಮ ಕೆನ್ನೆವರೆಗೂ ಬಳಿದುಕೊಂಡಿತು.

"ಮದ್ರಾಸ್ಗಂಟ ಬಂದಿದ್ರಾ? ಎಂಟು ತಿಂಗ್ಳು ಅಲ್ಲೇ ಇದ್ರಾ? ನಮ್ಗೆ ಯಾರೂ ಯಾಕೆ ಏಳ್ಲಿಲ್ಲ?"

ಕಾಗದದ ಕೊನೆಯ ಸಾಲುಗಳು ಉಳಿದಿದ್ದವು: "ಅವರು ಆಸ್ಪತ್ರೆಯಲ್ಲಿದ್ದಾಗ ವಿಳಾಸ ಹಿಡಿದು ಊರಿಗೆ ಆಳು ಕಳಿಸಿದ್ದೆವು. ಆ ಹೆಸರಿನವರು ಮನೆಯಲ್ಲೇ ಆರೋಗ್ಯವಾಗಿದ್ದಾರೆಂದು ಅಲ್ಲಿನ ಹೆಂಗಸು ತಿಳಿಸಿದ್ದರಿಂದ ವಿಳಾಸ ತಪ್ಪೆಂದು ಬಿಟ್ಟೆವು." ಅದನ್ನು ಓದಲು ನನ್ನಿಂದ ಆಗಲಿಲ್ಲ.

"ಅಷ್ಟೇ ಅಮ್ಮ ಬರ್ದಿರೋದು" ಎಂದು ಮಡಚಿದೆ.

ಅಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಖಾಕಿಯವ್ನು ಒಬ್ಬ ಬಂದಿದ್ದ ಕಣೇ. ನೀನು ಚಿಕ್ಕೋಳು. ನಿಮ್ ದೊಡ್ಡಪ್ಪನ ಹೆಸ್ರು ಏಳಿ, ಯಾರು ಅಂದ. ಬಾವನ ಹೆಸ್ರು ಬಾಯಲ್ಲಿ ಆಡ್ಬಾರ್ದಲ್ಲ, ಹೊಲದಲ್ಲಿ ಉಳ್ತಿದ್ರು, ಕೈ ತೋರಿಸ್ದೆ. ಚೆನ್ನಾಗವ್ರಾ ಅಂದ. ಹೂಂ ಅಂದೆ. ಪಾಪ, ಬಿಸ್ಲಲ್ಲಿ ಬಂದವ್ನೆ ಅಂತ ಮಜ್ಜಿಗೆ ಕೊಟ್ಟು ಕಳಿಸ್ದೆ ಕಣೇ."